ಚಾಸಿಯ ಮೇಲೆ ಬಾಡಿ ಎಷ್ಟು ಎತ್ತರ?

‘ಸರ್, ಹಳೇ ಪಿಕಪ್ ಗಾಡಿ ಬಾಡಿ ನಾಲ್ಕ್ ಇಂಚ್ ಕೆಳಗ ಇಳಿಸಿ ಕೂರಿಸಿದ್ರ ಏನಾಗ್ತದ? ಗಾಡಿ ರೋಡ್ ಹಿಡಿದು ಓಡ್ತದಂತಲ್ಲ, ಖರೇನಾ?’

ಆಳಂದದ ಕಡೆಯ ಹುಡುಗರು ಕೇಳುವ ಪ್ರಶ್ನೆ ಇದು. ಮೊಬೈಲ್‌ನಲ್ಲಿ ಅಮೆರಿಕದ ಹಳೇ ಫೋರ್ಡ್, ಷೆವರ್ಲೆ ಪಿಕಪ್‌ಗಳ ವಿಡಿಯೊ ನೋಡ್ತಾರೆ. ನೆಲಕ್ಕೆ ಒರಗಿದ ಹಾಗೆ ಕಾಣುವ ಗಾಡಿ, ಫಳಫಳ ಹೊಳೆಯುವ ಬಣ್ಣ. ನಮ್ಮ ಗ್ಯಾರೇಜಿನಲ್ಲೂ ವೆಲ್ಡಿಂಗ್ ಮಷಿನ್ ಇದೆ, ನಮ್ಮ ಹತ್ತಿರಾನೂ ಹಳೇ ಜೀಪು, ಹಳೇ ಪಿಕಪ್ ಇದೆ, ನಾವೂ ಯಾಕೆ ಮಾಡಬಾರದು ಅಂತ ಅನಿಸೋದು ಸಹಜ. ಪ್ರಶ್ನೆ ತಮಾಷೆಯದಲ್ಲ ವೀಕ್ಷಕರೇ. ಇದಕ್ಕೆ ಸರಿಯಾದ ಉತ್ತರ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲೋದು ಕಬ್ಬಿನ ಗಾಡಿ, ತೊಗರಿ ಗಾಡಿ, ಕೂಲಿಯವರನ್ನ ತುಂಬಿಕೊಂಡು ಹೋಗುವ ಗಾಡಿಗಳ ಹತ್ತಿರ. ಆದ್ದರಿಂದ ಇವತ್ತು ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ.

ಮೊದಲು ಗಾಡಿ ಹೇಗೆ ಕಟ್ಟಿರ್ತಾರೆ ನೋಡಿ. ಇವತ್ತಿನ ಸಣ್ಣ ಕಾರುಗಳಲ್ಲಿ ಬಾಡಿಯೇ ಗಾಡಿಯ ಎಲುಬು. ಪಿಕಪ್, ಜೀಪು, ಲಾರಿಗಳಲ್ಲಿ ಹಾಗಲ್ಲ. ಕೆಳಗೆ ಏಣಿಯ ಆಕಾರದ ಕಬ್ಬಿಣದ ಚಾಸಿ ಇರುತ್ತೆ. ಎರಡು ಉದ್ದನೆಯ ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್, ಗೇರ್‌ಬಾಕ್ಸ್, ಪಾಟಾ, ಆಕ್ಸಲ್ ಎಲ್ಲಾ ಅದಕ್ಕೇ ಕಟ್ಟಿರ್ತಾರೆ. ಡ್ರೈವರ್ ಕೂರುವ ಕ್ಯಾಬಿನ್, ಹಿಂದಿನ ಮಾಲಿನ ತೊಟ್ಟಿ ಇವೆರಡೂ ಬೇರೆ. ಅವು ಚಾಸಿಯ ಮೇಲೆ ರಬ್ಬರ್ ಬುಷ್ ಇಟ್ಟು, ಬೋಲ್ಟ್ ಹಾಕಿ ಕೂರಿಸಿದ ಪೆಟ್ಟಿಗೆಗಳು.

ಈ ಪೆಟ್ಟಿಗೆಯನ್ನ ಕೆಳಗಿಳಿಸಲು ಎರಡು ದಾರಿ. ಒಂದು, ಪಾಟಾ ಬದಲಿಸಿ ಇಡೀ ಚಾಸಿಯನ್ನೇ ನೆಲದ ಹತ್ತಿರ ತರೋದು. ಇನ್ನೊಂದು, ಚಾಸಿ ಇದ್ದಲ್ಲೇ ಇರುತ್ತೆ, ಬಾಡಿ ಮಾತ್ರ ಅದರ ಸುತ್ತ ಕೆಳಗೆ ಜಾರುತ್ತೆ. ಹೇಗೆ ಅಂದ್ರೆ, ಕ್ಯಾಬಿನ್ನಿನ ತಳವನ್ನ ಕತ್ತರಿಸಿ ತೆಗೀತಾರೆ. ಬಾಡಿಯನ್ನ ನಾಲ್ಕು ಇಂಚು ಇಳಿಸ್ತಾರೆ. ಆಮೇಲೆ ಹೊಸ ತಳವನ್ನ ಅಷ್ಟೇ ಇಂಚು ಮೇಲಕ್ಕೆ ಕೂರಿಸಿ ಬೆಸುಗೆ ಹಾಕ್ತಾರೆ. ಪಂಚೆ ಸೊಂಟದಿಂದ ಸ್ವಲ್ಪ ಕೆಳಗಿಳಿಸಿ ಉಟ್ಟ ಹಾಗೆ. ಮನುಷ್ಯ ಅಷ್ಟೇ ಎತ್ತರ, ಬಟ್ಟೆ ಮಾತ್ರ ನೆಲ ಸವರುತ್ತೆ. ಇದಕ್ಕೆ ಚಾನೆಲಿಂಗ್ ಅಂತಾರೆ.

ಇದು ಹುಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ಕಡೆ. ಅಲ್ಲಿ ಒಣಗಿದ ಕೆರೆಗಳ ಚಪ್ಪಟೆ ಅಂಗಳದಲ್ಲಿ ಹುಡುಗರು ಹಳೇ ಫೋರ್ಡ್ ಗಾಡಿಗಳನ್ನ ಓಡಿಸಿ ವೇಗ ಅಳೀತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಗೀಳು ಇನ್ನೂ ಹೆಚ್ಚಿತು. ಬಾಡಿ ತಗ್ಗಿದಷ್ಟೂ ಎದುರುಗಾಳಿಗೆ ಸಿಗುವ ಮೈ ಕಡಿಮೆ, ವೇಗ ಜಾಸ್ತಿ ಅನ್ನೋದು ಲೆಕ್ಕ. ವೇಗಕ್ಕಾಗಿ ಶುರುವಾದದ್ದು ಆಮೇಲೆ ಶೋಕಿಯಾಯಿತು. ನಮ್ಮ ದೇಶದಲ್ಲೂ ಗಾಡಿ ಬದಲಿಸುವ ಚಟ ಹೊಸದಲ್ಲ. ಹರಿಯಾಣದ ಮಂಡಿ ಡಬ್ವಾಲಿ ಊರು ಹಳೇ ಜೀಪುಗಳ ವೇಷ ಬದಲಿಸೋದಕ್ಕೇ ಹೆಸರಾಗಿದೆ.

ಕೇಳೋಕೆ ಸುಲಭ. ಮಾಡೋಕೆ ಹೊರಟರೆ ಒಂದೊಂದೇ ತೊಡಕು ಎದ್ದು ಬರುತ್ತೆ. ತಳ ಮೇಲೆ ಬಂದರೆ ಸೀಟೂ ಮೇಲೆ ಬರುತ್ತೆ, ತಲೆ ಮಾಡಿಗೆ ತಾಗುತ್ತೆ. ಬ್ರೇಕ್, ಕ್ಲಚ್ ಪೆಡಲ್‌ಗಳ ಜಾಗ ಬದಲಾಗುತ್ತೆ. ಸ್ಟೀರಿಂಗ್ ಕಂಬದ ಕೋನ ಬದಲಾಗುತ್ತೆ. ಗೇರ್‌ಬಾಕ್ಸ್ ಮೇಲಿನ ಉಬ್ಬು ಕಾಲಿನ ಹತ್ತಿರ ಬರುತ್ತೆ. ಬಾನೆಟ್ ಎಂಜಿನ್‌ಗೆ ತಾಗದಂತೆ ನೋಡಬೇಕು, ರೇಡಿಯೇಟರ್ ಜಾಗ ಬದಲಿಸಬೇಕು. ಗುಂಡಿಗೆ ಬಿದ್ದು ಚಕ್ರ ಮೇಲೆ ಹಾರಿದಾಗ ಮಡ್‌ಗಾರ್ಡ್‌ಗೆ ಉಜ್ಜಬಾರದು. ಕ್ಯಾಬಿನ್ ಇಳಿಸಿದ ಮೇಲೆ ಹಿಂದಿನ ತೊಟ್ಟಿಯನ್ನೂ ಇಳಿಸಲೇಬೇಕು, ಇಲ್ಲದಿದ್ದರೆ ಗಾಡಿ ಗೂನು ಬೆನ್ನಿನ ಹಾಗೆ ಕಾಣುತ್ತೆ. ತೊಟ್ಟಿ ಇಳಿಸಿದರೆ ಅದರ ತಳವೂ ಮೇಲೇಳಬೇಕು, ಯಾಕಂದ್ರೆ ಕೆಳಗೆ ಚಾಸಿ ಇದೆ. ಅಲ್ಲಿಗೆ ಮಾಲು ಹಿಡಿಸುವ ಆಳವೇ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೆಸುಗೆಯದು. ಬಾಡಿ ಕೂರುತ್ತಿಲ್ಲ ಅಂತ ಚಾಸಿಯ ತೊಲೆಯ ಮೇಲಂಚನ್ನೋ ಕೆಳ ಅಂಚನ್ನೋ ಕತ್ತರಿಸಿದರೆ, ತೂತು ಕೊರೆದರೆ, ಗಾಡಿಯ ಬೆನ್ನುಮೂಳೆಗೇ ಕೈ ಹಾಕಿದ ಹಾಗೆ. ಭಾರ ಬಿದ್ದಾಗ ತೊಲೆ ಬಾಗುತ್ತೆ, ಆಗ ಅತಿ ಹೆಚ್ಚು ಒತ್ತಡ ತಡೆಯೋದು ಆ ಎರಡು ಅಂಚುಗಳೇ. ಬೆಸುಗೆಯ ಕಾವಿಗೆ ಸುತ್ತಲಿನ ಉಕ್ಕಿನ ಗುಣ ಬದಲಾಗುತ್ತೆ. ಬಿರುಕು ಆ ದಿನ ಕಾಣಲ್ಲ. ಸಾವಿರಾರು ಸಲ ಗುಂಡಿಗೆ ಇಳಿದು ಹತ್ತಿದ ಮೇಲೆ, ಒಂದು ದಿನ ಭಾರ ಹೊತ್ತಾಗ ಬಾಯಿ ತೆರೆಯುತ್ತೆ.

ಸರಿ, ಇಷ್ಟೆಲ್ಲಾ ಮಾಡಿದರೆ ಗಾಡಿ ‘ರೋಡ್ ಹಿಡೀತದಾ’? ಲೆಕ್ಕ ಹಾಕಿ ನೋಡೋಣ. ಇದು ಯಾವುದೇ ಕಂಪನಿಯ ಗಾಡಿಯ ಅಂಕಿಯಲ್ಲ, ಅರ್ಥವಾಗಲಿ ಅಂತ ಇಟ್ಟುಕೊಂಡ ಉದಾಹರಣೆ.

ಗಾಡಿಯ ಎಡ ಬಲ ಚಕ್ರಗಳ ನಡುವೆ 140 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಅದರ ಅರ್ಧ 70. ಖಾಲಿ ಗಾಡಿಯ ತೂಕ 1,700 ಕಿಲೊ, ಅದರ ಗುರುತ್ವ ಕೇಂದ್ರ, ಅಂದ್ರೆ ಇಡೀ ತೂಕ ಒಂದೇ ಬಿಂದುವಿನಲ್ಲಿ ಇದೆ ಅಂತ ಭಾವಿಸುವ ಜಾಗ, ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ. ಅರ್ಧ ಅಗಲವನ್ನ ಈ ಎತ್ತರದಿಂದ ಭಾಗಿಸಿ. ಉತ್ತರ 1. ಈ ಅಂಕಿ ದೊಡ್ಡದಿದ್ದಷ್ಟೂ ಗಾಡಿ ಉರುಳೋದು ಕಷ್ಟ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ಗಾಡಿ ಉರುಳಬೇಕಾದರೆ ವೇಗ ಗಂಟೆಗೆ 62 ಕಿಲೊಮೀಟರ್ ದಾಟಬೇಕು.

ಈಗ 1,500 ಕಿಲೊ ತೊಗರಿ ಚೀಲ ಹೇರಿ. ಚೀಲಗಳ ನಟ್ಟನಡುವಿನ ಎತ್ತರ 130 ಸೆಂಟಿಮೀಟರ್. ಒಟ್ಟು ಗುರುತ್ವ ಕೇಂದ್ರ 98 ಸೆಂಟಿಮೀಟರಿಗೆ ಏರಿತು. ಅಂಕಿ 0.71ಕ್ಕೆ ಇಳಿಯಿತು, ಅದೇ ತಿರುವಿನಲ್ಲಿ ಉರುಳುವ ವೇಗ 52ಕ್ಕೆ ಬಂತು. ಬಾಡಿಯನ್ನೂ ಮಾಲನ್ನೂ ನಾಲ್ಕು ಇಂಚು ಕೆಳಗಿಳಿಸಿದರೆ? 54 ಆಗುತ್ತೆ. ಅಷ್ಟೇ. ಇಷ್ಟೆಲ್ಲಾ ಕತ್ತರಿಸಿ, ಬೆಸೆದು, ದುಡ್ಡು ಸುರಿದದ್ದಕ್ಕೆ ಸಿಕ್ಕಿದ್ದು 2 ಕಿಲೊಮೀಟರ್.

ಇನ್ನೊಂದು ಲೆಕ್ಕ ನೋಡಿ. ಬಾಡಿ ಇಳಿಸಲಿಲ್ಲ, ಬದಲಿಗೆ ಆ ಚೀಲಗಳ ಮೇಲೆ 15 ಜನರನ್ನ ಕೂರಿಸಿದೆವು. ತಲಾ 50 ಕಿಲೊ, ನೆಲದಿಂದ 220 ಸೆಂಟಿಮೀಟರ್ ಎತ್ತರದಲ್ಲಿ. ಗುರುತ್ವ ಕೇಂದ್ರ 121 ಸೆಂಟಿಮೀಟರಿಗೆ ಹಾರಿತು. ಅಂಕಿ 0.58. ಉರುಳುವ ವೇಗ 47. ಪಾಟಾ ಬಾಗಿ ಗಾಡಿ ವಾಲೋದನ್ನ, ಜನ ಒಂದೇ ಕಡೆ ಸರಿಯೋದನ್ನ ಸೇರಿಸಿದರೆ ನಿಜವಾದ ರಸ್ತೆಯಲ್ಲಿ ಇನ್ನೂ ಕಡಿಮೆ.

ಇಲ್ಲೊಂದು ಸೂಕ್ಷ್ಮ ಇದೆ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತ ಸುಮಾರು 0.7ರಿಂದ 0.8. ಗಾಡಿಯ ಅಂಕಿ ಅದಕ್ಕಿಂತ ಮೇಲಿದ್ದರೆ ವೇಗ ಹೆಚ್ಚಾದಾಗ ಟೈರು ಮೊದಲು ಜಾರುತ್ತೆ, ಡ್ರೈವರಿಗೆ ಸೂಚನೆ ಸಿಗುತ್ತೆ. ಅಂಕಿ ಅದಕ್ಕಿಂತ ಕೆಳಗಿಳಿದರೆ ಜಾರೋದೇ ಇಲ್ಲ, ನೇರವಾಗಿ ಉರುಳುತ್ತೆ. ಚೀಲದ ಮೇಲೆ ಜನ ಕೂತ ಕ್ಷಣ ಗಾಡಿ ಈ ಗೆರೆ ದಾಟಿರುತ್ತೆ.

ಈಗ ಈ ಮೂರು ತಾಲ್ಲೂಕುಗಳ ರಸ್ತೆಗೆ ಬನ್ನಿ. ಆಳಂದದ ಎರೆ ಹೊಲಗಳ ತೊಗರಿ ಕಲಬುರಗಿ ಮಾರುಕಟ್ಟೆಗೆ ಬರುತ್ತೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಅಫಜಲಪುರದ ಹವಳಗಾ, ಆಳಂದದ ಭೂಸನೂರಿನ ಸಕ್ಕರೆ ಕಾರ್ಖಾನೆಗಳಿಗೆ ಹಂಗಾಮಿನಲ್ಲಿ ಕಬ್ಬು ಹೋಗುತ್ತೆ. ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ, ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಜನ ಹೋಗ್ತಾರೆ. ಜೇವರ್ಗಿ ಕಡೆ ಭೀಮಾ ತೀರದ ಹೊಲಗಳಿಗೆ ಕೂಲಿಯವರು ಹೋಗ್ತಾರೆ. ಇಲ್ಲಿ ಯಾರೂ ಬಾಡಿ ಇಳಿಸಲ್ಲ, ಏರಿಸ್ತಾರೆ! ಎರಡು ಪಾಟಾ ಹೆಚ್ಚು ಹಾಕಿಸಿ ಗಾಡಿ ಎತ್ತರ ಮಾಡ್ತಾರೆ, ಪಕ್ಕದ ಹಲಗೆಯ ಮೇಲೆ ಕಬ್ಬಿಣದ ಚೌಕಟ್ಟು ಬೆಸೀತಾರೆ, ಅದರ ಮೇಲೆ ಮಾಲು, ಮಾಲಿನ ಮೇಲೆ ಮನುಷ್ಯರು. ಕ್ಯಾಲಿಫೋರ್ನಿಯಾದ ಹುಡುಗರು ಶೋಕಿಗೆ ಮಾಡಿದ್ದರ ಉಲ್ಟಾ ಕೆಲಸವನ್ನ ನಮ್ಮವರು ಹೊಟ್ಟೆಪಾಡಿಗೆ ಮಾಡ್ತಿದ್ದಾರೆ.

2025ರ ಜನವರಿ 22 ನೆನಪಿದೆಯಾ? ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಕಾಯಿಪಲ್ಲೆ ಲಾರಿ ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. 10 ಜನ ವ್ಯಾಪಾರಿಗಳು ಸತ್ತರು. ಮಾಲಿನ ಜೊತೆಗೇ ಲಾರಿಯಲ್ಲಿ ಕೂತು ಹೊರಟವರು ಅವರು. ಸರಕು ಗಾಡಿ ಉರುಳಿದರೆ ಒಳಗಿನವರಿಗೆ ಬೆಲ್ಟೂ ಇಲ್ಲ, ಮಾಡೂ ಇಲ್ಲ. ಮೇಲಿಂದ ಬೀಳೋದು ಅವರದೇ ಮಾಲು.

ಕಾನೂನು ಏನು ಹೇಳುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತ ಮಾಡಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಾಡಿ ಇಳಿಸಿದವನಿಗೂ ಇದೇ, ಏರಿಸಿದವನಿಗೂ ಇದೇ.

ದಂಡಕ್ಕಿಂತ ದೊಡ್ಡ ಮಾತು ಪರಿಹಾರದ್ದು. ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಸರಕು ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರ ಸಾವಿಗೆ ವಿಮಾ ಕಂಪನಿ ಹೊಣೆಯಲ್ಲ. ಮಾಲಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ಮಾತ್ರ ಕಾಯ್ದೆಯಲ್ಲಿ ರಕ್ಷಣೆ ಇದೆ. ಅಂದ್ರೆ ಹೊಲಕ್ಕೆ ಹೊರಟ ಕೂಲಿಯವಳು ಸತ್ತರೆ ಅವಳ ಮಕ್ಕಳಿಗೆ ಗಾಡಿ ಮಾಲೀಕನೇ ಹಣ ಕೊಡಬೇಕು. ಅವನ ಹತ್ತಿರ ಇರೋದು ಸಾಲದ ಕಂತು ಬಾಕಿ ಇರುವ ಅದೇ ಗಾಡಿ. ಎರಡೂ ಮನೆ ಮುಳುಗುತ್ತವೆ.

ಹಾಗಾದ್ರೆ ಏನು ಮಾಡಬೇಕು? ಗಾಡಿ ಮಾಲೀಕರೇ, ಹೆಚ್ಚಿನ ಪಾಟಾ ಹಾಕಿಸಿದರೆ ಗಾಡಿಯ ಶಕ್ತಿ ಹೆಚ್ಚಲ್ಲ. ಬ್ರೇಕು ಅದೇ, ಆಕ್ಸಲ್ ಅದೇ, ಟೈರು ಅದೇ. ಆರ್‌ಸಿಯಲ್ಲಿ ಬರೆದ ತೂಕ ಮೀರಬೇಡಿ, ಭಾರದ ಮಾಲು ತಳಕ್ಕಿರಲಿ, ಮೇಲೆ ಮನುಷ್ಯರು ಬೇಡ. ಹುಡುಗರೇ, ಹಳೇ ಗಾಡಿಯ ಮೇಲೆ ಪ್ರೀತಿ ಇದ್ದರೆ ಅದು ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿ ನಿಲ್ಲಿಸಿ. ಅದಕ್ಕೂ ಕೈಚಳಕ ಬೇಕು, ಅದಕ್ಕೆ ಯಾವ ಕಲಮೂ ಅಡ್ಡ ಬರಲ್ಲ.

ಆದರೆ ಕೂಲಿಯವರಿಗೆ ‘ಹತ್ತಬೇಡಿ’ ಅಂತ ಹೇಳಿ ಕೈತೊಳೆಯೋಕೆ ಆಗಲ್ಲ. ‘ಬಸ್ ಬರಂಗಿಲ್ರೀ, ಹೆಂಗ ಹೋಗೋದು?’ ಅಂತ ಅವರು ಕೇಳಿದರೆ ಉತ್ತರ ಕೊಡಬೇಕಾದವರು ಯಾರು? ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರೋದು ಕಲಬುರಗಿಯಲ್ಲೇ. ತೊಗರಿ ಕೊಯ್ಲು ಯಾವಾಗ, ಕಬ್ಬಿನ ಹಂಗಾಮು ಯಾವಾಗ, ಗಾಣಗಾಪುರಕ್ಕೆ ಜನ ಸೇರುವ ಹುಣ್ಣಿಮೆ ಯಾವಾಗ ಅನ್ನೋದು ಕ್ಯಾಲೆಂಡರಿನಲ್ಲೇ ಇದೆ. ಆ ದಿನಗಳಲ್ಲಿ ಬೆಳಗ್ಗೆ ಐದೂವರೆಗೆ, ಸಂಜೆ ಆರಕ್ಕೆ ಆ ದಾರಿಗಳಲ್ಲಿ ಬಸ್ ಓಡಿಸಿ. ಕೂಲಿ ಮುಗಿಸಿ ಬರುವ ಹೆಂಗಸಿಗೆ ಚೀಲದ ಮೇಲಲ್ಲ, ಸೀಟಿನ ಮೇಲೆ ಜಾಗ ಸಿಗಲಿ. ಗುರುತ್ವ ಕೇಂದ್ರ ತಾನಾಗಿಯೇ ಕೆಳಗಿಳಿಯುತ್ತೆ.