ಮುಂಜಾಗ್ರತಾ ಬಂಧನ

ಮುಂಜಾಗ್ರತಾ ಬಂಧನವೆಂದರೆ ವ್ಯಕ್ತಿಯು ಅಪರಾಧ ಎಸಗಿದ್ದಕ್ಕಾಗಿ ಅಲ್ಲದೆ, ಮುಂದೆ ಎಸಗಬಹುದೆಂಬ ಶಂಕೆಯ ಮೇಲೆ ಸರ್ಕಾರವು ಆತನನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕ್ರಮ. ಭಾರತ ಸಂವಿಧಾನದ 22ನೆಯ ವಿಧಿಯು ಇದಕ್ಕೆ ಅವಕಾಶ ನೀಡಿದೆ. ಶಾಂತಿಕಾಲದಲ್ಲಿಯೂ ಬಳಸಬಹುದಾದ ಈ ಅಧಿಕಾರಕ್ಕೆ ಮೂಲಭೂತ ಹಕ್ಕುಗಳ ಭಾಗದಲ್ಲೇ ಸ್ಥಾನ ದೊರೆತಿರುವುದು ಗಮನಾರ್ಹ.

ಸ್ವರೂಪ

ಸಮಾಜವು ಕಾನೂನನ್ನು ರಚಿಸಿಕೊಳ್ಳುವುದು ಬಲಶಾಲಿಗಳಿಂದ ದುರ್ಬಲರನ್ನು ಕಾಯಲು. ಜೊತೆಗೆ, ಯಾವ ಕೃತ್ಯಕ್ಕೆ ಯಾವ ಶಿಕ್ಷೆಯೆಂಬುದು ಎಲ್ಲರಿಗೂ ಮೊದಲೇ ತಿಳಿದಿರಲೆಂದು. ಸಾಮಾನ್ಯ ದಂಡಸಂಹಿತೆಯ ಅಡಿಯಲ್ಲಿ ಪ್ರಜೆಯು ತನಗೊದಗಬಹುದಾದ ಅಪಾಯವನ್ನು ಬಹುಮಟ್ಟಿಗೆ ತಾನೇ ಅಳೆಯಬಲ್ಲನು. ಮುಂಜಾಗ್ರತಾ ಬಂಧನದಲ್ಲಿ ಈ ಲೆಕ್ಕ ತಪ್ಪುತ್ತದೆ. ಇಲ್ಲಿ ಆಧಾರವಾಗುವುದು ನಡೆದ ಕೃತ್ಯವಲ್ಲ, ಅಧಿಕಾರಿಗೆ ಆದ ಮನವರಿಕೆ.

ಬಂಧಿತನಿಗೆ ಕಾರಣಗಳನ್ನು ತಿಳಿಸಬೇಕು, ಅಹವಾಲು ಸಲ್ಲಿಸಲು ಅವಕಾಶ ಕೊಡಬೇಕು. ಬಂಧನವು 3 ತಿಂಗಳನ್ನು ಮೀರಬೇಕಾದರೆ ಸಲಹಾ ಮಂಡಳಿಯು ಸಾಕಷ್ಟು ಕಾರಣವಿದೆಯೆಂದು ವರದಿ ನೀಡಬೇಕು. ಆದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮವಾಗಲಿ, ವಕೀಲರ ನೆರವಿನ ಹಕ್ಕಾಗಲಿ ಇಲ್ಲಿ ಅನ್ವಯಿಸದು. ಸಾರ್ವಜನಿಕ ಹಿತಕ್ಕೆ ವಿರುದ್ಧವೆನಿಸಿದ ಸಂಗತಿಗಳನ್ನು ಅಧಿಕಾರಿಯು ಬಹಿರಂಗಪಡಿಸದೆ ಇರಬಹುದು. ತನ್ನ ಮೇಲಿನ ಆಪಾದನೆಯನ್ನೇ ಪೂರ್ತಿ ಅರಿಯದವನು ಅದಕ್ಕೆ ಉತ್ತರ ಕೊಡುವುದು ಹೇಗೆಂಬುದು ಈ ವಿಧಿಯ ಕುರಿತ ಹಳೆಯ ಆಕ್ಷೇಪ.

ತುರ್ತು ಪರಿಸ್ಥಿತಿ

1971ರ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆಯು 'ಮೀಸಾ' ಎಂದೇ ಪ್ರಸಿದ್ಧ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಬಳಿಕ ಕಾಯ್ದೆಗೆ ತಿದ್ದುಪಡಿ ತಂದು, ಬಂಧನದ ಕಾರಣವನ್ನು ತಿಳಿಸುವ ಹೊಣೆಯಿಂದಲೂ ಸರ್ಕಾರಕ್ಕೆ ವಿನಾಯಿತಿ ನೀಡಲಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ ಮತ್ತು ಎಲ್.ಕೆ. ಅಡ್ವಾಣಿ ಅಲ್ಲಿಯೇ ಬಂಧಿತರಾದರು. 'ಸಂಸ್ಕಾರ' ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ರೋಗಿಯಾಗಿದ್ದರೂ ಸುಮಾರು 8 ತಿಂಗಳು ಬೆಂಗಳೂರಿನ ಕಾರಾಗೃಹದಲ್ಲಿದ್ದರು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ನಿಧನರಾದರು.

ಇಂತಹ ಬಂಧನಗಳನ್ನು ಪ್ರಶ್ನಿಸುವ ಅರ್ಜಿಗಳನ್ನು ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ವಿಚಾರಣೆಗೆ ಅಂಗೀಕರಿಸಿದವು. ಆದರೆ 1976ರ ಏಪ್ರಿಲ್ 28ರಂದು ಎ.ಡಿ.ಎಂ. ಜಬಲ್ಪುರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 4–1ರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಭಿನ್ನಮತ ಸೂಚಿಸಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಮರುವರ್ಷ ಅವರ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಇತ್ತರು.

ನಂತರದ ಬೆಳವಣಿಗೆಗಳು

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ, 2017ರಲ್ಲಿ, ಜಬಲ್ಪುರ ತೀರ್ಪು ರದ್ದಾಯಿತು. ಅದನ್ನು ತಪ್ಪೆಂದು ಬರೆದವರಲ್ಲಿ ಒಬ್ಬರಾದ ಡಿ.ವೈ. ಚಂದ್ರಚೂಡ್ ಅವರ ತಂದೆ, 1976ರ ಬಹುಮತದಲ್ಲಿದ್ದ ನ್ಯಾಯಮೂರ್ತಿಗಳಲ್ಲೊಬ್ಬರು.

1978ರ 44ನೆಯ ತಿದ್ದುಪಡಿಯ ಪ್ರಕಾರ, ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ಅಮಾನತಿನಲ್ಲಿಡುವಂತಿಲ್ಲ. ಸಲಹಾ ಮಂಡಳಿಗೆ ಮುನ್ನಿನ ಅವಧಿಯನ್ನು 3ರಿಂದ 2 ತಿಂಗಳಿಗೆ ಇಳಿಸಿದ ಅದೇ ತಿದ್ದುಪಡಿಯ ಭಾಗ ಮಾತ್ರ ಜಾರಿಗೆ ಬಂದಿಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಹಾಗೂ 'ಗೂಂಡಾ ಕಾಯ್ದೆ' ಎಂದು ಕರೆಯಲಾಗುವ ಕರ್ನಾಟಕದ 1985ರ ಕಾಯ್ದೆಗಳ ಅಡಿಯಲ್ಲಿ ಗರಿಷ್ಠ 12 ತಿಂಗಳವರೆಗೆ ಬಂಧನದಲ್ಲಿಡಬಹುದು.