ಒಂದು ಹಗಲಿನ ದ್ವೀಪ, ಒಂದು ಕೊಡ ಸಿಹಿನೀರು

ಹಡಗು ನಿಂತಿತು. ಆದರೆ ದಡ ಇನ್ನೂ ದೂರ ಉಂಟು!

ಕೊಚ್ಚಿಯಲ್ಲಿ ಹಿಂದಿನ ದಿನ ಹಡಗು ಹತ್ತಿದ ಪ್ರವಾಸಿಗಳು ಬೆಳಿಗ್ಗೆ ಕಣ್ಣುಜ್ಜುತ್ತಾ ಮೇಲಂತಸ್ತಿಗೆ ಬಂದು ನೋಡುತ್ತಾರೆ. ಕಾಣುವುದು ಒಂದು ಹಸಿರು ಗೆರೆ, ಅದರ ಕೆಳಗೊಂದು ಬಿಳಿ ಗೆರೆ. ಹಸಿರು ತೆಂಗಿನದು, ಬಿಳಿ ಹೊಯಿಗೆಯದು. ಗುಡ್ಡವಿಲ್ಲ, ಬಂಡೆಯಿಲ್ಲ, ಹೊಳೆಯ ಬಾಯಿಯಿಲ್ಲ. “ಇಷ್ಟೇಯಾ?” ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹೌದು, ಇಷ್ಟೇ. ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರದ ಈ ಕವರತ್ತಿಯೇ ಲಕ್ಷದ್ವೀಪದ ರಾಜಧಾನಿ. ಉದ್ದ 6 ಕಿ.ಮೀ. ಒಳಗೆ, ವಿಸ್ತೀರ್ಣ 4 ಚದರ ಕಿ.ಮೀ. ಆಸುಪಾಸು. 2011ರ ಜನಗಣತಿಯಂತೆ ಇಷ್ಟು ಜಾಗದಲ್ಲಿ 11 ಸಾವಿರಕ್ಕೂ ಮೇಲ್ಪಟ್ಟು ಜನ. ಕೇಂದ್ರಾಡಳಿತದ ಎಲ್ಲಾ ದ್ವೀಪಗಳನ್ನು ಒಟ್ಟಿಗೆ ಕೂಡಿಸಿದರೂ ಸಿಗುವ ನೆಲ 32 ಚದರ ಕಿ.ಮೀ. ಮಾತ್ರ!

ಹಡಗು ಹೊರಗೆ, ದೋಣಿ ಒಳಗೆ

ದ್ವೀಪದ ಸುತ್ತ ನೀರಿನಡಿ ಹವಳದ ದಂಡೆ. ದೊಡ್ಡ ಹಡಗು ಅದನ್ನು ದಾಟಿ ಒಳಗೆ ಬರುವಂತಿಲ್ಲ. ಹೊರಗಿನ ಆಳದಲ್ಲೇ ನಿಲ್ಲಬೇಕು. ಹಡಗಿನ ಪಕ್ಕದ ಬಾಗಿಲು ತೆರೆಯುತ್ತದೆ, ಕೆಳಗೆ ದೋಣಿ ಬಂದು ತಾಗುತ್ತದೆ. ಅಲೆ ಎತ್ತಿದಾಗ ದೋಣಿ ಬಾಗಿಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಆಳು ಎತ್ತರ ಇಳಿಯುತ್ತದೆ. ದ್ವೀಪದ ಇಬ್ಬರು ಜವಾನರು ಪ್ರವಾಸಿಯ ಎರಡೂ ರಟ್ಟೆ ಹಿಡಿದು ಹೊತ್ತು ನೋಡಿ ಎತ್ತಿ ಇಡುತ್ತಾರೆ. ಸೀರೆ ಉಟ್ಟ ಅಜ್ಜಿಯಂದಿರೂ ಹೀಗೇ ಇಳಿಯಬೇಕು. ದೇವರ ಹೆಸರು ಬಾಯಿಗೆ ಬಾರದವರು ಕಡಿಮೆ!

ದೋಣಿ ದಂಡೆಯ ಸಂದಿನಿಂದ ಒಳಹೊಕ್ಕರೆ ಕಡಲೇ ಬೇರೆ. ಹೊರಗೆ ಕರಿನೀಲಿ, ಒಳಗೆ ತಿಳಿಹಸಿರು. ಅಲೆ ಸದ್ದಿಲ್ಲ, ತಳದ ಹೊಯಿಗೆ ಕಾಣುತ್ತದೆ. ಇದನ್ನೇ ಲಗೂನು ಅನ್ನುವುದು.

ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ರೂಪಿಸಿದ ‘ಸಮುದ್ರಂ’ ಯಾತ್ರೆಯ ಕ್ರಮ ಇದು. ಒಂದು ಹಗಲು ಕವರತ್ತಿ, ಒಂದು ಹಗಲು ಕಲ್ಪೇನಿ, ಒಂದು ಹಗಲು ಮಿನಿಕಾಯ್. ಸಂಜೆಯಾದರೆ ದೋಣಿ ಹತ್ತಿ ವಾಪಸು. ನಿದ್ದೆ ಹಡಗಿನಲ್ಲಿ. ಯಾರು ಬೇಕಾದರೂ ಚೀಲ ಹೆಗಲಿಗೆ ಹಾಕಿ ಹೋಗಿ ಇಳಿಯುವಂತಿಲ್ಲ. ಮೊದಲೇ ಪರ್ಮಿಟ್ಟು ಆಗಬೇಕು.

ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಇದೆಂಥ ಲೆಕ್ಕ? ಉತ್ತರ ದ್ವೀಪದ ಬಾವಿಯಲ್ಲಿ ಉಂಟು. ಆದರೆ ದಡಕ್ಕೆ ಬಂದವರು ಯಾರೂ ಮೊದಲು ಬಾವಿ ಇಣುಕುವುದಿಲ್ಲ.

ಬೊಂಡ, ಕೇದರ್, ಕೋಲಾಟ

ಇಳಿದ ಕೂಡಲೇ ಕೈಗೆ ಬೊಂಡ. ಆಮೇಲೆ ಮಕ್ಕಳು ಮರಿಗಳೆನ್ನದೆ ಎಲ್ಲರೂ ಲಗೂನಿಗೆ. ಈಜು ಬಾರದವರಿಗೆ ತಳಕ್ಕೆ ಗಾಜು ಕೂರಿಸಿದ ದೋಣಿ ಉಂಟು. ಕುಳಿತಲ್ಲೇ ಬಗ್ಗಿ ನೋಡಿದರೆ ಹವಳ, ಅದರ ಸಂದಿಯಲ್ಲಿ ಹಳದಿ, ನೀಲಿ ಪಟ್ಟೆಯ ಮೀನುಗಳು. ಮಧ್ಯಾಹ್ನ ಊಟಕ್ಕೆ ಕೇದರ್ ಮೀನಿನ ಸಾರು. ಹೊರಗಿನವರು ಟ್ಯೂನಾ ಅನ್ನುತ್ತಾರಲ್ಲ, ಅದೇ. ಮಂಗಳೂರಿನವರಿಗೆ ಕೇದರ್ ಹೊಸದಲ್ಲ. ಆದರೆ ದ್ವೀಪದವರು ಅದನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗಿಟ್ಟು ಮರದ ತುಂಡಿನ ಹಾಗೆ ಗಟ್ಟಿ ಮಾಡಿಡುತ್ತಾರೆ. ಅದರ ಹೆಸರು ‘ಮಾಸ್’. ತಿಂಗಳುಗಟ್ಟಲೆ ಕೆಡುವುದಿಲ್ಲ.

ಊಟವಾದ ಮೇಲೆ ಕೋಲಾಟದಂಥ ಕೋಲ್ಕಳಿ, ಕತ್ತಿ ಗುರಾಣಿ ಹಿಡಿದು ಕುಣಿಯುವ ಪರಿಚಕಳಿ. ಬೀದಿಯಲ್ಲಿ ನಡೆದರೆ ಒಂದು ಆಶ್ಚರ್ಯ. ನಾಯಿ ಇಲ್ಲ! ಬೀದಿನಾಯಿ ಕಾಟದಿಂದ ರೋಸಿ ಹೋದ ಮಂಗಳೂರಿಗನಿಗೆ ಇದೊಂದೇ ಸ್ವರ್ಗ ಎನಿಸಿದರೆ ತಪ್ಪಲ್ಲ. ಹಾವೂ ಇಲ್ಲವಂತೆ. ಮದ್ಯವೂ ಇಲ್ಲ, ಅದಕ್ಕೆ ಕಾನೂನಿನ ತಡೆ ಉಂಟು.

ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಲೇಬೇಕಾದ್ದು. ದಡಕ್ಕೆ ತೇಲಿ ಬಂದ ಮರದಲ್ಲಿ ಕೆತ್ತಿದ್ದು ಎಂದು ಊರಿನ ನಂಬಿಕೆ. ಅದರ ಬಳಿಯ ಬಾವಿಯ ನೀರಿಗೆ ರೋಗ ವಾಸಿ ಮಾಡುವ ಗುಣ ಉಂಟು ಎಂಬುದು ಇನ್ನೊಂದು ನಂಬಿಕೆ.

ಬಾವಿಯ ಮಾತು ಬಂದದ್ದು ಇಲ್ಲಿ.

‘ಸಾರಿನ ಮೇಲೆ ಎಣ್ಣೆ ನಿಂತ ಹಾಗೆ’

ಮಂಗಳೂರಿನಿಂದ ಹೋದ ನಿವೃತ್ತ ಮೇಷ್ಟ್ರೊಬ್ಬರು ಸಮುದ್ರ ಸ್ನಾನ ಮುಗಿಸಿ ಮೈಯ ಉಪ್ಪು ತೊಳೆಯಲು ನಲ್ಲಿ ಹುಡುಕಿದರಂತೆ. ದೋಣಿಯವನು ಒಂದು ಸಣ್ಣ ಬಕೆಟ್ ನೀರು ತಂದಿಟ್ಟ.

“ಇನ್ನೊಂದು ಬಕೆಟ್ ಸಿಗ್ಬಹುದಾ?”

“ಸಿಗ್ತದೆ ಮಾಸ್ಟ್ರೇ. ಆದ್ರೆ ಕಡಲಲ್ಲಿ ಇಷ್ಟು ಹೊತ್ತು ಮಿಂದ್ರಲ್ಲ, ಸಾಕಾಗ್ಲಿಲ್ವಾ?” ಎಂದು ಆತ ನಕ್ಕ.

ಮೇಷ್ಟ್ರಿಗೆ ಬೆರಗು. “ನಿಮ್ಗೆ ಕನ್ನಡ ಹೇಗೆ ಬರ್ತದೆ?”

“ಅಮ್ಮನಿಗೆ ಹುಷಾರಿಲ್ದೆ ಮಂಗ್ಳೂರಲ್ಲಿ ಎರಡು ತಿಂಗಳು ಇದ್ದೆವು. ಬಂದರಿನ ಹತ್ರವೇ ರೂಮು. ನಮ್ಮ ಈರುಳ್ಳಿಯೂ ನಿಮ್ಮ ಬಂದರಿಂದ್ಲೇ ಬರುದು, ಗೊತ್ತುಂಟಾ?”

ಎರಡನೇ ಬಕೆಟ್ ಕೇಳಿದ್ದಕ್ಕೆ ಮೇಷ್ಟ್ರು ಸಂಜೆವರೆಗೆ ನಾಚಿಕೊಂಡರಂತೆ. ಕಾರಣ ಇಷ್ಟು.

ದ್ವೀಪದಲ್ಲಿ ಹೊಳೆಯಿಲ್ಲ, ತೋಡಿಲ್ಲ. ಮಳೆ ಬೀಳುವುದು ವರ್ಷಕ್ಕೆ ಸುಮಾರು 1500 ಮಿ.ಮೀ., ಮಂಗಳೂರಿನ ಅರ್ಧಕ್ಕೂ ಕಡಿಮೆ. ಬಿದ್ದ ನೀರು ಹವಳದ ಹೊಯಿಗೆಯಲ್ಲಿ ಇಂಗುತ್ತದೆ. ಅಡಿಯಲ್ಲಿರುವುದು ಭಾರದ ಉಪ್ಪುನೀರು. ಸಿಹಿನೀರು ಹಗುರ. ಸಾರಿನ ಮೇಲೆ ಎಣ್ಣೆ ನಿಂತ ಹಾಗೆ ಉಪ್ಪುನೀರಿನ ಮೇಲೆ ತೆಳುವಾಗಿ ಸಿಹಿನೀರು ನಿಲ್ಲುತ್ತದೆ. ಮನೆ ಮನೆಯ ಬಾವಿಗೆ ಬರುವುದು ಅದೇ. ಪಂಪು ಇಟ್ಟು ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಮನೆಗಳು ಒತ್ತಾಗಿರುವುದರಿಂದ ಕಕ್ಕಸಿನ ಗುಂಡಿಯ ನೀರು ಪಕ್ಕದಿಂದ ಒಸರಿ ಬಾವಿಯನ್ನು ಕೆಡಿಸುತ್ತದೆ. ಒಮ್ಮೆ ಕೆಟ್ಟ ಬಾವಿ ಸುಲಭದಲ್ಲಿ ಸರಿಯಾಗುವುದಿಲ್ಲ.

ಕಡಲಿನ ತಂಪಿನಿಂದ ಕುಡಿಯುವ ನೀರು

ಇದಕ್ಕೆ ಮದ್ದು ಹುಡುಕಿದವರು ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು. 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರ ಶುರುವಾಯಿತು. ಉಪಾಯ ಸರಳ. ಕಡಲಿನ ಮೇಲಿನ ನೀರು ಬೆಚ್ಚಗೆ, ಸುಮಾರು 28 ಡಿಗ್ರಿ. ಗಾಳಿಯ ಒತ್ತಡ ಇಳಿಸಿದ ಕೋಣೆಗೆ ಅದನ್ನು ಬಿಟ್ಟರೆ ಬೆಂಕಿಯಿಲ್ಲದೆಯೇ ಒಂದಿಷ್ಟು ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಪೈಪಿನಲ್ಲಿ ಎಳೆದ ತಣ್ಣೀರು ಆ ಆವಿಯನ್ನು ತಂಪು ಮಾಡುತ್ತದೆ. ತೊಟ್ಟಿಕ್ಕುವುದು ಉಪ್ಪಿಲ್ಲದ ನೀರು. ದ್ವೀಪದ ದಡದಿಂದ ಕೊಂಚ ದೂರಕ್ಕೇ ಕಡಲು ಧಡಕ್ಕನೆ ಆಳವಾಗುವುದರಿಂದ ಇದು ಅಲ್ಲಿ ಸಾಧ್ಯವಾಯಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೂ ಇಂಥದೇ ಸ್ಥಾವರ ಬಂತು.

ಇನ್ನು ಲೆಕ್ಕ ಮಾಡಿ ನೋಡಿ. 1 ಲಕ್ಷ ಲೀಟರನ್ನು 11 ಸಾವಿರ ಜನಕ್ಕೆ ಹಂಚಿದರೆ ತಲೆಗೆ 9 ಲೀಟರ್. ಅಂದರೆ ಒಂದು ಸಣ್ಣ ಕೊಡ! ಕುಡಿಯಲು, ಗಂಜಿ ಬೇಯಿಸಲು ಸರಿ. ಲಾಡ್ಜಿನಲ್ಲಿ ಶವರ್ ತಿರುಗಿಸಿ ಹಾಡು ಹೇಳುತ್ತಾ ಮೀಯುವವನಿಗೆ ನಾಲ್ಕೈದು ಕೊಡ ಬೇಕು. ಅಂದರೆ ನಾಲ್ಕೈದು ಮಂದಿಯ ಇಡೀ ದಿನದ ಪಾಲು.

ಪಂಪು ತಿರುಗಲು ಕರೆಂಟು ಬೇಕು. ದ್ವೀಪದ ಕರೆಂಟು ಬಹುಪಾಲು ಡೀಸೆಲಿನದು. ಡೀಸೆಲು ಬರುವುದು ಹಡಗಿನಲ್ಲಿ. ಹೀಗೆ ನೀರಿನ ದಾರವೂ ಕೊನೆಗೆ ಹಡಗಿಗೇ ಕಟ್ಟಿದೆ.

ರಾತ್ರಿ ಪ್ರವಾಸಿಯನ್ನು ಹಡಗಿನಲ್ಲೇ ಮಲಗಿಸುವುದರ ಜಾಣತನ ಈಗ ತಿಳಿಯಿತಲ್ಲ? ಸ್ನಾನದ ನೀರು, ಕಕ್ಕಸಿನ ನೀರು ಹಡಗಿನ ಟ್ಯಾಂಕಿನದು. ದ್ವೀಪದ ಬಾವಿಗೆ ತೊಂದರೆಯಿಲ್ಲ.

ಕಾಲಡಿಯ ಹವಳ

ಇನ್ನೊಂದು ಕಾವಲು ಹವಳದ ದಂಡೆ. ಹೊರಗಿನ ತೆರೆ ಒಡೆಯುವುದು ಅಲ್ಲಿ. ದಂಡೆ ಇರುವುದರಿಂದಲೇ ಕೆಲವೇ ಮೀಟರ್ ಎತ್ತರದ ನೆಲ ಉಳಿದಿದೆ. 1847ರ ದೊಡ್ಡ ಬಿರುಗಾಳಿಯಲ್ಲಿ ಕಲ್ಪೇನಿಗೂ ಅಂಡ್ರೋತ್‌ಗೂ ಕಡಲು ನುಗ್ಗಿತ್ತು. ಆಗ ಎಸೆದ ಹವಳದ ಕಲ್ಲಿನ ರಾಶಿಯನ್ನು ಕಲ್ಪೇನಿಯ ಪೂರ್ವ ದಡದಲ್ಲಿ ಇಂದಿಗೂ ತೋರಿಸುತ್ತಾರೆ. ಹವಳ ಜೀವವುಳ್ಳದ್ದು. ನೀರು ಮಿತಿಮೀರಿ ಕಾದರೆ ಬಿಳಿಚಿಕೊಂಡು ಸಾಯುತ್ತದೆ. 1998, 2010, 2016ರಲ್ಲಿ ಹಾಗಾಯಿತು. ಅಂಥ ಹವಳದ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವವರಿಗೆ ಏನೆನ್ನಬೇಕು? ತುಂಡೊಂದನ್ನು ಚೀಲಕ್ಕೆ ಹಾಕಿದರೆ ಅದು ಅಪರಾಧ. ಮನೆಯ ಶೋಕೇಸಿಗೆಂದು ತಂದದ್ದು ಕೋರ್ಟಿಗೂ ಎಳೆಯಬಹುದು.

ದ್ವೀಪಗಳಲ್ಲಿ ಕಟ್ಟಡ, ಪ್ರವಾಸಿ ವಸತಿ ಎಷ್ಟಿರಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಸಮಿತಿ 2012ರಲ್ಲಿ ನೇಮಕವಾಗಿ ಇದನ್ನೇ ಪರಿಶೀಲಿಸಿತು. 2024ರ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದ ಚಿತ್ರಗಳು ಪ್ರಕಟವಾದ ಮೇಲಂತೂ ಹೋಗಬೇಕೆನ್ನುವವರ ಸಾಲು ಬೆಳೆಯಿತು. ಸಾಲು ಬೆಳೆದ ಹಾಗೆ ಕೊಡ ದೊಡ್ಡದಾಗುವುದಿಲ್ಲವಲ್ಲ!

ಒಂದು ಕಾಲದಲ್ಲಿ ನಮ್ಮ ಜಿಲ್ಲೆಯೇ

ದೋಣಿಯವನ ಈರುಳ್ಳಿಯ ಮಾತು ತಮಾಷೆಯದಲ್ಲ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರ ದ್ವೀಪಗಳವರು ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು 1787ರಲ್ಲಿ ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಕಂಪೆನಿ ಸರಕಾರದ ಕೈಸೇರಿದವು. ಆಡಳಿತ ಮಂಗಳೂರಿನಿಂದ. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಸರಕಾರಕ್ಕೆ ಒಪ್ಪಿಸಬೇಕು, ಬದಲಿಗೆ ಅಕ್ಕಿ ಒಯ್ಯಬೇಕು. ಬೆಲೆ ಗೊತ್ತುಮಾಡುವುದು ಸರಕಾರವೇ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಈ ಐದು ದ್ವೀಪಗಳು ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಹೋದವು. ಅಂದಿನ ಕಾಗದಪತ್ರದಲ್ಲಿ ಸಂಬಂಧ ಕಡಿಯಿತು. ಧಕ್ಕೆಯಲ್ಲಿ ಕಡಿಯಲಿಲ್ಲ. ಜಲ್ಲಿ, ಇಟ್ಟಿಗೆ, ಹೊಯಿಗೆ, ಅಕ್ಕಿ, ತರಕಾರಿ ತುಂಬಿದ ಮಂಜಿಗಳು ಹಳೆ ಬಂದರಿನಿಂದ ಹೊರಡುವುದನ್ನು ಊರಿನವರು ನೋಡಿಯೇ ಇದ್ದಾರೆ. ಮಳೆಗಾಲದಲ್ಲಿ ಮಂಜಿ ಹೊರಡುವಂತಿಲ್ಲ. ಆಗ ದ್ವೀಪದ ಅಂಗಡಿಯ ಹಲಗೆ ಖಾಲಿಯಾಗುತ್ತದೆ.

ಅವರ ಒಂದು ಹಗಲು

ಮಂಗಳೂರಿಗ ದ್ವೀಪದಲ್ಲಿ ಒಂದು ಹಗಲು ಕಳೆಯುತ್ತಾನೆ. ದ್ವೀಪದವನೂ ಮಂಗಳೂರಿನಲ್ಲಿ ಹಗಲು ಕಳೆಯುತ್ತಾನೆ. ಆಸ್ಪತ್ರೆಯ ಚೀಟಿ ಹಿಡಿದು, ಮಗಳ ಮದುವೆಯ ಬಟ್ಟೆಗೆ, ಮಗನ ಕಾಲೇಜಿನ ಸೀಟಿಗೆ. ಕೆಲಸ ಮುಗಿದರೂ ಹಡಗಿಲ್ಲದಿದ್ದರೆ ಹಿಂದೆ ಹೋಗುವ ಹಾಗಿಲ್ಲ. ಬಂದರಿನ ಲಾಡ್ಜಿನಲ್ಲಿ ಬಾಡಿಗೆ ಏರುತ್ತಾ ಹೋಗುತ್ತದೆ. ಕೊರೊನಾ ಕಾಲದಲ್ಲಿ ಮಂಗಳೂರಿನ ಪ್ರಯಾಣಿಕ ಹಡಗು ನಿಂತಿತು. ದ್ವೀಪದವರು ಕೊಚ್ಚಿಯ ದಾರಿ ಹಿಡಿಯಬೇಕಾಯಿತು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು 160 ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಯಲ್ಲಿ ಹಳೆ ಬಂದರು ಮುಟ್ಟಿದಾಗ ಧಕ್ಕೆಯಲ್ಲಿ ಹೂವು ಕೊಟ್ಟು ಸ್ವಾಗತಿಸಿದ್ದು ಸುಮ್ಮನೆ ಅಲ್ಲ.

ಸಂಜೆ ಕವರತ್ತಿಯಲ್ಲಿ ಕೊನೆಯ ದೋಣಿ ಹೊರಡುತ್ತದೆ. ಮೇಷ್ಟ್ರ ಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಬೆಲ್ಲ-ಕಾಯಿಯ ಉಂಡೆ, ಜತೆಗೆ ತಾವು ಕುಡಿದು ಮುಗಿಸಿದ ಎರಡು ಖಾಲಿ ಬಾಟ್ಲಿ. “ಇಲ್ಲಿ ಬಿಸಾಡಿದ್ರೆ ಇವರು ಎಲ್ಲಿಗೆ ಬಿಸಾಡುದು?” ಎಂದು ಪಕ್ಕದವರಿಗೂ ಹೇಳಿ ಎತ್ತಿಸಿದರಂತೆ. ಹೋಗುವವರೆಲ್ಲ ಇಷ್ಟಾದರೂ ಮಾಡಬಹುದು.

ಇನ್ನು ಆಳುವವರ ಪಾಲಿನದು. ದ್ವೀಪಕ್ಕೆ ದಿನಕ್ಕೆಷ್ಟು ಜನ ಎಂಬ ಲೆಕ್ಕವನ್ನು ಕೋಣೆಗಳಿಂದ ಅಲ್ಲ, ನೀರಿನ ಕೊಡದಿಂದ ಹಾಕಬೇಕು. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆಂದೇ ಪ್ರತ್ಯೇಕ ಜೆಟ್ಟಿ ಎಂಬ ಮಾತು ವರ್ಷಗಳಿಂದ ಕೇಳಿಬಂದಿದೆ. ಪ್ರವಾಸಿಗೆ ಮೋಜಿನ ಹಡಗು ತಪ್ಪಿದರೆ ಒಂದು ರಜೆ ಹೋಯಿತು. ರೋಗಿಯನ್ನು ಕರೆತರುವವನಿಗೆ ಹಡಗು ತಪ್ಪಿದರೆ ಹೋಗುವುದು ರಜೆಯಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?