ನಿಮಗಿದು ಗೊತ್ತೆ? ಷೇಕ್ಸ್‌ಪಿಯರನನ್ನು ಅನುವಾದಿಸಿದ ಅಧ್ಯಕ್ಷ

ಎರಡು ದಶಕಕ್ಕೂ ಹೆಚ್ಚು ಕಾಲ ಟಾಂಜಾನಿಯಾವನ್ನು ಆಳಿದ ಜೂಲಿಯಸ್ ನೈರೆರೆ, ಅಧಿಕಾರದಲ್ಲಿದ್ದಾಗಲೇ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಮತ್ತು ‘ಮರ್ಚೆಂಟ್ ಆಫ್ ವೆನಿಸ್’ ನಾಟಕಗಳನ್ನು ಸ್ವಾಹಿಲಿಗೆ ತಂದರು. ಎರಡನೆಯದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ವೆನಿಸ್ಸಿನ ಬಂಡವಾಳಗಾರರು’! ಸ್ವಾಹಿಲಿಯ ಮೇಲಿನ ಈ ಒಲವು ಬಿಡುವಿನ ಹವ್ಯಾಸವಷ್ಟೇ ಅಲ್ಲ, ಅವರ ಆಡಳಿತದ ತಿರುಳೂ ಹೌದು. 120ಕ್ಕೂ ಹೆಚ್ಚು ಬುಡಕಟ್ಟುಗಳಿರುವ ನಾಡಿನಲ್ಲಿ, ಯಾವ ದೊಡ್ಡ ಬುಡಕಟ್ಟಿನ ಸೊತ್ತೂ ಅಲ್ಲದ ಸ್ವಾಹಿಲಿಯನ್ನು ಅವರು ಪ್ರಾಥಮಿಕ ಶಾಲೆಗೂ ಸರ್ಕಾರಿ ಕಚೇರಿಗೂ ತಂದರು. ನೆರೆಯ ರುವಾಂಡ, ಬುರುಂಡಿಗಳು ಜನಾಂಗೀಯ ಹತ್ಯಾಕಾಂಡಗಳಲ್ಲಿ ನಲುಗಿದರೂ ಟಾಂಜಾನಿಯಾ ಒಡೆಯಲಿಲ್ಲ. ಅದಕ್ಕೆ ಈ ಸಮಾನ ಭಾಷೆಯ ಕೊಡುಗೆ ದೊಡ್ಡದು. ಹಿಂದೆ ಶಾಲಾ ಮೇಷ್ಟರಾಗಿದ್ದ ಅವರನ್ನು ಜನ ಇಂದಿಗೂ ನೆನೆಯುವುದು ‘ಮ್ವಾಲಿಮು’, ಅಂದರೆ ಗುರು ಎಂದೇ.

ಹಾಗಾದರೆ ಅವರ ಆಳ್ವಿಕೆಯಲ್ಲಿ ತಪ್ಪುಗಳೇ ಇರಲಿಲ್ಲವೇ? ಇದ್ದವು, ದೊಡ್ಡವೇ ಇದ್ದವು. 1967ರ ಅರುಷಾ ಘೋಷಣೆಯ ‘ಉಜಮಾ’ ಸಮಾಜವಾದದ ಹೆಸರಿನಲ್ಲಿ, 1970ರ ದಶಕದಲ್ಲಿ ಲಕ್ಷಾಂತರ ರೈತರನ್ನು ಬಲವಂತವಾಗಿ ಹೊಸ ಹಳ್ಳಿಗಳಿಗೆ ಸಾಗಿಸಲಾಯಿತು, ಕೃಷಿ ಸೊರಗಿತು. ಒಂದೇ ಪಕ್ಷದ ಆಡಳಿತವಿತ್ತು, ವಿಚಾರಣೆಯಿಲ್ಲದೆ ಬಂಧಿಸುವ ಕಾನೂನೂ ಇತ್ತು. ಭಾಷೆಯ ಒಗ್ಗಟ್ಟು ಈ ನೋವನ್ನು ಅಳಿಸದು. ಆದರೂ ಅವರು ಕುರ್ಚಿಗೆ ಅಂಟಿಕೊಳ್ಳಲಿಲ್ಲ. 1985ರಲ್ಲಿ ತಾವಾಗಿಯೇ ಅಧ್ಯಕ್ಷ ಪದವಿ ಬಿಟ್ಟು ಹುಟ್ಟೂರು ಬುಟಿಯಾಮಕ್ಕೆ ಮರಳಿದರು. ಭಾರತ ಸರ್ಕಾರ 1995ರಲ್ಲಿ ಮೊದಲ ಗಾಂಧಿ ಶಾಂತಿ ಪ್ರಶಸ್ತಿಯನ್ನು ನೀಡಿದ್ದು ಇವರಿಗೇ. ಆಳಿದವರನ್ನು ಅಳೆಯುವಾಗ ಎಷ್ಟು ವರ್ಷ ಆಳಿದರು ಎಂಬುದಕ್ಕಿಂತ, ಏನು ಉಳಿಸಿಹೋದರು, ಹೇಗೆ ಇಳಿದರು ಎಂಬುದೇ ಮುಖ್ಯ.